ಯಂತ್ರಕ್ಕೆ ಕಣ್ಣು ಕೊಟ್ಟವರು, ಆ ಕಣ್ಣನ್ನು ಕೊಂಡವರು

ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ದಾರದ ತುದಿ ಸೂಜಿಯ ರಂಧ್ರದ ಮುಂದಿದೆಯೋ ಹಿಂದಿದೆಯೋ ಗೊತ್ತಾಗದೆ ತಡವರಿಸುತ್ತೀರಿ. ಎರಡೂ ಕಣ್ಣು ತೆರೆದರೆ ಅದೇ ಕೆಲಸ ಸಲೀಸು. ನಮ್ಮ ಎರಡು ಕಣ್ಣುಗಳ ನಡುವೆ ಇರುವುದು ಸುಮಾರು ಆರು ಸೆಂಟಿಮೀಟರ್ ಅಂತರ. ಅಷ್ಟು ಅಂತರದಿಂದಾಗಿ ಒಂದೊಂದು ಕಣ್ಣಿಗೂ ಚೂರು ಬೇರೆ ಬೇರೆ ಚಿತ್ರ ಕಾಣುತ್ತದೆ. ಆ ವ್ಯತ್ಯಾಸವನ್ನು ಹಿಡಿದು ಮಿದುಳು ದೂರವನ್ನು ಅಳೆಯುತ್ತದೆ. ಇದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದ.

ಸಾಮಾನ್ಯ ಕ್ಯಾಮೆರಾಗೆ ಈ ಅನುಕೂಲ ಇಲ್ಲ. ಗೋಡೆಗೆ ಅಂಟಿಸಿದ ಹುಲಿಯ ಚಿತ್ರವೂ ಎದುರಿಗೆ ನಿಂತ ಹುಲಿಯೂ ಅದರ ಪಾಲಿಗೆ ಬಣ್ಣದ ಚುಕ್ಕೆಗಳಷ್ಟೆ. ಯಾವುದು ಹತ್ತಿರ, ಯಾವುದು ದೂರ ಎನ್ನುವುದು ತಿಳಿಯದ ಯಂತ್ರ ನಡೆಯಲಾರದು, ಎತ್ತಲಾರದು, ಕೊಯ್ಯಲಾರದು. ಯಂತ್ರಕ್ಕೆ ಆಳ ಕಾಣುವ ಕಣ್ಣು ಕೊಡಬೇಕೆಂದು ವಿಜ್ಞಾನಿಗಳು ಅರ್ಧ ಶತಮಾನ ಪಟ್ಟ ಪಾಡು ಕಡಿಮೆಯದಲ್ಲ. ಕೊನೆಗೆ ಆ ಕಣ್ಣನ್ನು ಆಟಿಕೆಯ ಬೆಲೆಗೆ ಇಳಿಸಿದ್ದು ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಹುಟ್ಟಿದ ಒಂದು ಸಣ್ಣ ಸ್ಟಾರ್ಟಪ್. ಅದರ ಹೆಸರು ಪ್ರೈಮ್‌ಸೆನ್ಸ್.

2013ರಲ್ಲಿ ಆಪಲ್ ಕಂಪನಿ ಪ್ರೈಮ್‌ಸೆನ್ಸನ್ನು ಕೊಂಡಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಎಷ್ಟು ಕೋಟಿ ಡಾಲರ್ ಎನ್ನುವುದೇ ತಲೆಬರಹ. ಐದು ತಿಂಗಳ ನಂತರ, 2014ರ ಏಪ್ರಿಲ್ 23ರಂದು, ಪ್ರೈಮ್‌ಸೆನ್ಸ್ ನಡೆಸುತ್ತಿದ್ದ ಓಪನ್‌ಎನ್‌ಐ ಎಂಬ ಜಾಲತಾಣ ಮುಚ್ಚಿತು. ಮೊದಲ ಸುದ್ದಿ ಎದ್ದಷ್ಟು ಎರಡನೆಯದು ಏಳಲಿಲ್ಲ. ಆದರೆ ಈ ಕಥೆಯನ್ನು ಹಿಂತಿರುಗಿ ನೋಡಿದರೆ ನನಗೆ ಎರಡನೆಯದೇ ದೊಡ್ಡ ಸುದ್ದಿ ಅನ್ನಿಸುತ್ತದೆ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಐದು ಗಂಟೆ, ಇಪ್ಪತ್ತು ಮೀಟರ್

ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ 1966ರಿಂದ 1972ರವರೆಗೆ 'ಶೇಕಿ' ಎಂಬ ರೋಬೋಟ್ ತಯಾರಾಯಿತು. ಓಡಾಡುವಾಗ ಗಡಗಡ ನಡುಗುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಅದರ ತಲೆಯ ಮೇಲೆ ಒಂದು ಟಿವಿ ಕ್ಯಾಮೆರಾ, ಜೊತೆಗೆ ದೂರ ಅಳೆಯುವ ಒಂದು ಸಾಧನ. ಅದು ಓಡಾಡುತ್ತಿದ್ದ ಕೋಣೆಗಳನ್ನು ಅದಕ್ಕೆಂದೇ ಸಜ್ಜು ಮಾಡಿದ್ದರು. ಸಮತಟ್ಟಾದ ನೆಲ, ಸರಳ ಆಕಾರದ ಪೆಟ್ಟಿಗೆಗಳು, ಚೆನ್ನಾದ ಬೆಳಕು. ನಮ್ಮ ಮನೆಯ ಪಡಸಾಲೆಗೆ ತಂದು ಬಿಟ್ಟಿದ್ದರೆ ಅದು ನಿಂತಲ್ಲೇ ನಿಲ್ಲುತ್ತಿತ್ತು.

ಅಲ್ಲೇ ಹತ್ತಿರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ಮೊರಾವೆಕ್ ಎಂಬ ಸಂಶೋಧನಾ ವಿದ್ಯಾರ್ಥಿ ಒಂದು ಗಾಡಿಯ ಬೆನ್ನು ಬಿದ್ದಿದ್ದರು. ನಾಲ್ಕು ಚಕ್ರ, ಮೇಲೊಂದು ಕ್ಯಾಮೆರಾ. ಆ ಕ್ಯಾಮೆರಾ ಒಂದು ಪಟ್ಟಿಯ ಮೇಲೆ ಎಡದಿಂದ ಬಲಕ್ಕೆ ಜಾರುತ್ತಾ ಒಂಬತ್ತು ಜಾಗಗಳಲ್ಲಿ ನಿಂತು ಒಂಬತ್ತು ಚಿತ್ರ ತೆಗೆಯುತ್ತಿತ್ತು. ಎರಡು ಕಣ್ಣಿನ ಬದಲು ಒಂಬತ್ತು ಕಣ್ಣು ಅಂದುಕೊಳ್ಳಿ. ಆ ಚಿತ್ರಗಳನ್ನು ಕಂಪ್ಯೂಟರ್ ಹೋಲಿಸಿ, ಯಾವ ಕುರ್ಚಿ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬೇಕು. ಲೆಕ್ಕ ಮುಗಿದ ಮೇಲೆ ಗಾಡಿ ಒಂದು ಮೀಟರ್ ಮುಂದೆ ಹೋಗುತ್ತಿತ್ತು. ಮತ್ತೆ ನಿಲ್ಲುತ್ತಿತ್ತು. ಪ್ರತಿ ಹೆಜ್ಜೆಗೆ ಹತ್ತು ಹದಿನೈದು ನಿಮಿಷ. 1979ರಲ್ಲಿ ಆ ಗಾಡಿ ಕುರ್ಚಿಗಳಿದ್ದ ಕೋಣೆಯನ್ನು ಯಾರ ನೆರವೂ ಇಲ್ಲದೆ ದಾಟಿತು. ಸುಮಾರು ಇಪ್ಪತ್ತು ಮೀಟರ್ ದಾರಿ. ಹಿಡಿದ ಸಮಯ ಸುಮಾರು ಐದು ಗಂಟೆ.

ಆಮೇಲಿನ ವರ್ಷಗಳಲ್ಲಿ ಕಂಪ್ಯೂಟರ್ ವೇಗವಾಯಿತು, ಲೇಸರ್ ಬೀಸಿ ದೂರ ಅಳೆಯುವ ಸ್ಕ್ಯಾನರ್‌ಗಳು ಬಂದವು. ಅವು ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಆದರೆ ಒಂದೊಂದರ ಬೆಲೆ ಸಾವಿರಾರು ಡಾಲರ್. ದೊಡ್ಡ ವಿಶ್ವವಿದ್ಯಾಲಯ, ಸೇನೆಯ ಅನುದಾನ, ಕಾರ್ಖಾನೆ ಇವುಗಳ ಆಚೆ ಇದ್ದವರಿಗೆ ಅವು ದಕ್ಕುವಂಥದ್ದಾಗಿರಲಿಲ್ಲ. ಸಮಸ್ಯೆ ಈಗ ವಿಜ್ಞಾನಕ್ಕಿಂತ ಹೆಚ್ಚಾಗಿ ಬೆಲೆಯದಾಗಿತ್ತು.

ಟಾರ್ಚು ಮತ್ತು ಜರಡಿ

ಪ್ರೈಮ್‌ಸೆನ್ಸ್ ಶುರುವಾದದ್ದು 2005ರಲ್ಲಿ. ಅವಿಯಾದ್ ಮೈಜೆಲ್ಸ್, ಅಲೆಕ್ಸಾಂಡರ್ ಷ್ಪುಂಟ್ ಮೊದಲಾದ ಕೆಲವು ಎಂಜಿನಿಯರುಗಳು ಸೇರಿ ಕಟ್ಟಿದ್ದು. ಸ್ವಂತ ಕಾರ್ಖಾನೆ ಇರಲಿಲ್ಲ. ಚಿಪ್‌ನ ವಿನ್ಯಾಸ ಇವರದು, ತಯಾರಿಕೆ ಬೇರೆಯವರದು. ವಿಡಿಯೊ ಗೇಮ್ ಆಡುವವರು ಕೈಯಲ್ಲಿ ಏನನ್ನೂ ಹಿಡಿಯದೆ, ಕೈ ಬೀಸಿದರೆ ಸಾಕು, ಯಂತ್ರಕ್ಕೆ ಅರ್ಥವಾಗಬೇಕು ಎನ್ನುವುದು ಅವರ ಗುರಿ.

ಅವರ ಉಪಾಯವನ್ನು ಅಡುಗೆಮನೆಯ ಸಾಮಾನಿನಿಂದಲೇ ತಿಳಿಯಬಹುದು. ಕತ್ತಲೆ ಕೋಣೆಯಲ್ಲಿ ಒಂದು ಟಾರ್ಚಿನ ಮುಂದೆ ಜರಡಿ ಹಿಡಿಯಿರಿ. ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳು ಬೀಳುತ್ತವೆ. ಈಗ ಟಾರ್ಚಿನಿಂದ ಸ್ವಲ್ಪ ಪಕ್ಕಕ್ಕೆ ನಿಂತು ಆ ಚುಕ್ಕೆಗಳನ್ನು ನೋಡುತ್ತಿರಿ. ಯಾರಾದರೂ ನಡುವೆ ಬಂದು ನಿಂತರೆ ಅವರ ಮೈಮೇಲೆ ಬಿದ್ದ ಚುಕ್ಕೆಗಳು ನಿಮ್ಮ ಕಣ್ಣಿಗೆ ಪಕ್ಕಕ್ಕೆ ಸರಿದಂತೆ ಕಾಣುತ್ತವೆ. ಅವರು ಹತ್ತಿರ ಬಂದಷ್ಟೂ ಚುಕ್ಕೆ ಹೆಚ್ಚು ಸರಿಯುತ್ತದೆ. ಎಷ್ಟು ಸರಿಯಿತು ಎನ್ನುವುದು ಗೊತ್ತಾದರೆ ಅವರು ಎಷ್ಟು ದೂರದಲ್ಲಿದ್ದಾರೆ ಎನ್ನುವುದೂ ಗೊತ್ತಾಗುತ್ತದೆ.

ಪ್ರೈಮ್‌ಸೆನ್ಸ್ ಮಾಡಿದ್ದು ಇದನ್ನೇ. ಟಾರ್ಚಿನ ಬದಲು ಕಣ್ಣಿಗೆ ಕಾಣದ ಅವಕೆಂಪು ಲೇಸರ್. ಜರಡಿಯ ಬದಲು ಒಂದೇ ಕಿರಣವನ್ನು ಸಾವಿರಾರು ಚುಕ್ಕೆಗಳಾಗಿ ಒಡೆಯುವ ಪುಟ್ಟ ಗಾಜಿನಂಥ ಬಿಲ್ಲೆ. ನೋಡುವ ಕಣ್ಣಿನ ಬದಲು ಅವಕೆಂಪನ್ನು ಮಾತ್ರ ಕಾಣುವ ಅಗ್ಗದ ಕ್ಯಾಮೆರಾ. ಚುಕ್ಕೆಗಳ ಹರಹು ಎಲ್ಲ ಕಡೆ ಒಂದೇ ಥರ ಇರದಂತೆ ಜೋಡಿಸಿದ್ದರು. ಹಾಗಾಗಿ ಯಾವ ಚುಕ್ಕೆ ಎಲ್ಲಿಂದ ಸರಿದು ಬಂತು ಎಂದು ಗುರುತು ಹಿಡಿಯಲು ಗೊಂದಲವಿಲ್ಲ. ಲೆಕ್ಕವನ್ನು ಅವರ ಚಿಪ್ ಮಾಡುತ್ತಿತ್ತು, ಸೆಕೆಂಡಿಗೆ ಮೂವತ್ತು ಸಲ. ಮೊರಾವೆಕ್ ಗಾಡಿಗೆ ಹದಿನೈದು ನಿಮಿಷ ಹಿಡಿಯುತ್ತಿದ್ದ ಕೆಲಸ ಇದು.

ಈ ಲೆಕ್ಕದ ಬೇರು ಹಳೆಯದು, ನಮ್ಮ ನೆಲಕ್ಕೂ ಗೊತ್ತಿರುವುದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬೆಂಗಳೂರಿನ ಹತ್ತಿರ ಸರಪಳಿ ಹಿಡಿಸಿ ಏಳು ಮೈಲಿಗೂ ಉದ್ದದ ಒಂದು ನೇರ ಗೆರೆಯನ್ನು ಅಳೆದ. ಆ ಗೆರೆಯ ಎರಡು ತುದಿಗಳಿಂದ ದೂರದ ಗುಡ್ಡವೊಂದಕ್ಕೆ ಕೋನ ಹಿಡಿದರೆ ತ್ರಿಕೋನವಾಯಿತು. ಗುಡ್ಡಕ್ಕೆ ಹೋಗದೆಯೇ ಅದರ ದೂರ ಸಿಕ್ಕಿತು. ಹೀಗೆ ತ್ರಿಕೋನಕ್ಕೆ ತ್ರಿಕೋನ ಕೂಡಿಸುತ್ತಾ ಮುಂದೆ ಇಡೀ ಉಪಖಂಡವನ್ನೇ ಅಳೆದರು. ಪ್ರೈಮ್‌ಸೆನ್ಸ್ ಸಾಧನದಲ್ಲಿ ಒಂದು ತುದಿಗೆ ಲೇಸರ್, ಇನ್ನೊಂದು ತುದಿಗೆ ಕ್ಯಾಮೆರಾ. ಏಳು ಮೈಲಿಯ ಗೆರೆ ಇಲ್ಲಿ ಏಳೂವರೆ ಸೆಂಟಿಮೀಟರಿಗೆ ಇಳಿದಿತ್ತು. ತ್ರಿಕೋನ ಅದೇ.

ಆಟದ ಸಾಮಾನಾಗಿ ಬಂದ ಕಣ್ಣು

2006ರಲ್ಲಿ ಅಮೆರಿಕದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಪ್ರೈಮ್‌ಸೆನ್ಸ್ ತನ್ನ ಸಾಧನವನ್ನು ತೋರಿಸಿತು. ಮೈಕ್ರೋಸಾಫ್ಟ್‌ನ ಅಲೆಕ್ಸ್ ಕಿಪ್‌ಮನ್ ಅದನ್ನು ನೋಡಿ ಆಸಕ್ತಿ ವಹಿಸಿದರು. ಅದೇ ವರ್ಷದ ಕೊನೆಗೆ ನಿಂಟೆಂಡೊ ಕಂಪನಿಯ 'ವೀ' ಬಂತು. ಕೈಯಲ್ಲಿ ಒಂದು ಕಡ್ಡಿ ಹಿಡಿದು ಬೀಸಿ ಆಡುವ ಆಟ. ಅಜ್ಜ ಅಜ್ಜಿಯರೂ ಟಿವಿ ಮುಂದೆ ನಿಂತು ಟೆನಿಸ್ ಆಡತೊಡಗಿದರು. ಮೈಕ್ರೋಸಾಫ್ಟ್‌ಗೆ ಉತ್ತರ ಬೇಕಿತ್ತು. 2009ರ ಜೂನ್‌ನಲ್ಲಿ ಅದು 'ಪ್ರಾಜೆಕ್ಟ್ ನಟಾಲ್' ಎಂಬ ಹೆಸರಿನಲ್ಲಿ ತನ್ನ ಉತ್ತರವನ್ನು ಪ್ರದರ್ಶಿಸಿತು. ಆಳದ ಕಣ್ಣು ಪ್ರೈಮ್‌ಸೆನ್ಸ್‌ನದು ಎಂದು 2010ರ ಮಾರ್ಚ್ ಕೊನೆಗೆ ಬಹಿರಂಗವಾಯಿತು.

ಆಳ ಕಂಡ ಮಾತ್ರಕ್ಕೆ ಆಟವಾಗದು. ಎದುರಿಗಿರುವುದರಲ್ಲಿ ಯಾವುದು ಮೊಣಕೈ, ಯಾವುದು ಸೋಫಾದ ತೋಳು ಎಂದು ಯಂತ್ರಕ್ಕೆ ತಿಳಿಯಬೇಕು. ಇದು ಕೇಂಬ್ರಿಡ್ಜ್‌ನಲ್ಲಿದ್ದ ಮೈಕ್ರೋಸಾಫ್ಟ್ ರಿಸರ್ಚ್‌ನ ಜೇಮೀ ಶಾಟನ್ ಮತ್ತು ಸಂಗಡಿಗರ ಕೆಲಸ. ಅವರು ದೇಹವನ್ನು 31 ಭಾಗಗಳಾಗಿ ವಿಂಗಡಿಸಿ, ಕಂಪ್ಯೂಟರಿನಲ್ಲೇ ತಯಾರಿಸಿದ ಹತ್ತು ಲಕ್ಷ ಆಳದ ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಪಾಠ ಹೇಳಿದರು. ಉದ್ದದವರು, ಗಿಡ್ಡದವರು, ದಪ್ಪದವರು, ಎಲ್ಲ ಥರದ ಮೈಕಟ್ಟುಗಳು, ಎಲ್ಲ ಥರದ ಭಂಗಿಗಳು. ಸಾವಿರ ಪ್ರೊಸೆಸರ್‌ಗಳು ಒಟ್ಟಿಗೆ ದುಡಿದರೂ ಆ ಪಾಠ ಮುಗಿಯಲು ಒಂದು ದಿನ ಹಿಡಿಯುತ್ತಿತ್ತು.

2010ರ ನವೆಂಬರ್ 4ರಂದು ಅಮೆರಿಕದಲ್ಲಿ 'ಕಿನೆಕ್ಟ್' ಮಾರಾಟಕ್ಕೆ ಬಂತು. ಬೆಲೆ 150 ಡಾಲರ್. ಮೊದಲ 60 ದಿನಗಳಲ್ಲಿ 80 ಲಕ್ಷ ಕಿನೆಕ್ಟ್‌ಗಳು ಹೋದವು. ಅತಿ ವೇಗವಾಗಿ ಮಾರಾಟವಾದ ಎಲೆಕ್ಟ್ರಾನಿಕ್ ಸಾಧನ ಎಂದು ಗಿನ್ನೆಸ್ ದಾಖಲೆಯಾಯಿತು.

ಸಂಶೋಧಕರಿಗೆ ಅದರೊಳಗಿನ ಆಟ ಬೇಕಿರಲಿಲ್ಲ. ಸಾವಿರಾರು ಡಾಲರ್ ಕೊಟ್ಟು ಕೊಳ್ಳಬೇಕಿದ್ದ ಕಣ್ಣು 150 ಡಾಲರಿಗೆ ಅಂಗಡಿಯ ಕಪಾಟಿನಲ್ಲಿ ಕೂತಿದೆ ಎನ್ನುವುದು ಅವರಿಗೆ ಮುಖ್ಯವಾಗಿತ್ತು. ಆದರೆ ಅದು ಎಕ್ಸ್‌ಬಾಕ್ಸ್ ಯಂತ್ರದ ಜೊತೆ ಮಾತ್ರ ಮಾತಾಡುತ್ತಿತ್ತು.

ಆರು ದಿನದ ಬೀಗ

ಕಿನೆಕ್ಟ್ ಬಿಡುಗಡೆಯಾದ ದಿನವೇ ನ್ಯೂಯಾರ್ಕಿನ ಅಡಾಫ್ರೂಟ್ ಎಂಬ ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿ ಒಂದು ಬಹುಮಾನ ಘೋಷಿಸಿತು. ಕಿನೆಕ್ಟ್ ಅನ್ನು ಸಾಮಾನ್ಯ ಕಂಪ್ಯೂಟರಿಗೆ ಜೋಡಿಸುವ ಸಾಫ್ಟ್‌ವೇರ್ ಬರೆದು, ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟವರಿಗೆ ಸಾವಿರ ಡಾಲರ್. ತನ್ನ ಉತ್ಪನ್ನವನ್ನು ಹೀಗೆ ಬದಲಿಸುವುದನ್ನು ತಾನು ಒಪ್ಪುವುದಿಲ್ಲ, ಬೇಕಾದರೆ ಕಾನೂನಿನ ನೆರವನ್ನೂ ಪಡೆಯುತ್ತೇನೆ ಎಂಬ ಧಾಟಿಯಲ್ಲಿ ಮೈಕ್ರೋಸಾಫ್ಟ್ ಪತ್ರಕರ್ತರಿಗೆ ಹೇಳಿತು. ಅಡಾಫ್ರೂಟ್ ಬಹುಮಾನವನ್ನು ಎರಡು ಸಾವಿರಕ್ಕೆ ಏರಿಸಿತು. ಆಮೇಲೆ ಮೂರು ಸಾವಿರಕ್ಕೆ.

ನವೆಂಬರ್ 10ರಂದು ಕಿನೆಕ್ಟ್ ಯುರೋಪಿಗೆ ಬಂತು. ಸ್ಪೇನ್‌ನ ಹೆಕ್ಟರ್ ಮಾರ್ಟಿನ್ ಎಂಬ ಯುವಕ ಅವತ್ತೇ ಒಂದನ್ನು ಕೊಂಡು, ಕೆಲವೇ ಗಂಟೆಗಳಲ್ಲಿ ಅದರ ಭಾಷೆಯನ್ನು ಬಿಡಿಸಿ, ತನ್ನ ಲ್ಯಾಪ್‌ಟಾಪ್‌ನ ಪರದೆಯ ಮೇಲೆ ಬಣ್ಣದ ಚಿತ್ರವನ್ನೂ ಆಳದ ಚಿತ್ರವನ್ನೂ ಮೂಡಿಸಿ ತೋರಿಸಿದ. ಬೀಗ ಬಾಳಿದ್ದು ಆರು ದಿನ.

ಮೈಕ್ರೋಸಾಫ್ಟ್‌ನ ಸ್ವರ ಅದೇ ತಿಂಗಳು ಬದಲಾಯಿತು. ಅಮೆರಿಕದ ಸಾರ್ವಜನಿಕ ರೇಡಿಯೋದಲ್ಲಿ ಮಾತಾಡಿದ ಕಿಪ್‌ಮನ್, ಯಾರೂ ಏನನ್ನೂ ಒಡೆದಿಲ್ಲ, ಆ ದಾರಿಯನ್ನು ನಾವು ಉದ್ದೇಶಪೂರ್ವಕವಾಗಿಯೇ ತೆರೆದಿಟ್ಟಿದ್ದೆವು ಎಂದರು. ಇನ್ನೂ ದೊಡ್ಡ ಸಂಗತಿ ಹೊರಬಿದ್ದದ್ದು 2011ರ ಫೆಬ್ರವರಿಯಲ್ಲಿ. ಕಿನೆಕ್ಟ್ ತಯಾರಿಸಿದ ತಂಡದಲ್ಲೇ ಇದ್ದ ಜಾನಿ ಚುಂಗ್ ಲೀ, ಆ ಹೊತ್ತಿಗೆ ಕಂಪನಿ ಬಿಟ್ಟು ಗೂಗಲ್ ಸೇರಿದ್ದರು. ಅಡಾಫ್ರೂಟ್‌ಗೆ ಹೋಗಿ ಈ ಸ್ಪರ್ಧೆ ನಡೆಸಿ ಎಂದು ಕೇಳಿಕೊಂಡಿದ್ದೇ ತಾನು ಎಂದು ಅವರು ಬರೆದುಕೊಂಡರು. ಕಣ್ಣು ಎಲ್ಲರ ಕೈಗೂ ಸಿಗಬೇಕು ಎಂದು ಒಳಗಿನವರೊಬ್ಬರು ಹೊರಗಿನವರಿಗೆ ಬಾಗಿಲು ತೋರಿಸಿದ್ದರು.

ಮರಳಿನ ಮೇಲೆ ಮಳೆ

ಮುಂದಿನ ಮೂರು ವರ್ಷ ಈ ಕ್ಷೇತ್ರಕ್ಕೆ ಸುಗ್ಗಿ. 2010ರ ಕೊನೆಗೆ ಪ್ರೈಮ್‌ಸೆನ್ಸ್ ಸ್ವತಃ ಮುಂದೆ ಬಂದು, ವಿಲೋ ಗರಾಜ್ ಎಂಬ ರೋಬೋಟ್ ಪ್ರಯೋಗಾಲಯದ ಜೊತೆ ಸೇರಿ, ಓಪನ್‌ಎನ್‌ಐ ಎಂಬ ಲಾಭರಹಿತ ಕೂಟ ಕಟ್ಟಿತು. ಆಳದ ಕ್ಯಾಮೆರಾಗಳಿಗೆ ಬೇಕಾದ ಸಾಫ್ಟ್‌ವೇರ್, ಕೈಪಿಡಿ, ಮಾದರಿಗಳು, ಅನುಮಾನ ಬಂದರೆ ಕೇಳುವ ಕಟ್ಟೆ, ಎಲ್ಲವೂ ಒಂದೇ ತಾಣದಲ್ಲಿ. ತಾವು ಬರೆದ ಪ್ರೋಗ್ರಾಂಗಳನ್ನು ಲೋಕದ ಬೇರೆ ಬೇರೆ ಕಡೆಯ ಜನ ಅಲ್ಲಿ ತಂದಿಟ್ಟರು.

ವಿಲೋ ಗರಾಜ್‌ನ ಮೆಲೊನೀ ವೈಸ್ ಮತ್ತು ಟಲಿ ಫೂಟ್, ಕಸ ಗುಡಿಸುವ ರೋಬೋಟಿನ ಮಾದರಿಯ ಒಂದು ಗಾಡಿಯ ಮೇಲೆ ಲ್ಯಾಪ್‌ಟಾಪ್ ಮತ್ತು ಕಿನೆಕ್ಟ್ ಕೂರಿಸಿ 'ಟರ್ಟಲ್‌ಬಾಟ್' ಮಾಡಿದರು. ಕಾಲೇಜು ಹುಡುಗರು ಕೈಯಾರೆ ಜೋಡಿಸಬಹುದಾದ ರೋಬೋಟ್. ಟೊರಾಂಟೋದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು ಕೈಗವಸು ಕಳಚದೆ, ಕೈ ಬೀಸಿ ಸ್ಕ್ಯಾನ್ ಚಿತ್ರಗಳನ್ನು ತಿರುವಿ ನೋಡಿದರು. ನಾರ್ವೆಯಲ್ಲಿ ಹಂದಿಗಳನ್ನು ತಕ್ಕಡಿಗೆ ಹತ್ತಿಸದೆ, ಮೇಲಿನಿಂದ ಕಿನೆಕ್ಟ್ ಹಿಡಿದು ತೂಕ ಅಂದಾಜು ಮಾಡುವ ಪ್ರಯೋಗದ ವರದಿ 2014ರಲ್ಲಿ ಪ್ರಕಟವಾಯಿತು. ಸಾಕಿದ ಪ್ರಾಣಿಯನ್ನು ಹಿಡಿದು ಕಟ್ಟಿ ತೂಗುವ ಕಷ್ಟ ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ.

ಇವೆಲ್ಲದರಲ್ಲಿ ನನಗೆ ಬಹಳ ಹಿಡಿಸಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಆಲಿವರ್ ಕ್ರೈಲೋಸ್ ಮಾಡಿದ ಮರಳಿನ ಪೆಟ್ಟಿಗೆ. ಒಂದು ದೊಡ್ಡ ಪೆಟ್ಟಿಗೆಯಲ್ಲಿ ಮರಳು. ಮೇಲೆ ಒಂದು ಕಿನೆಕ್ಟ್, ಒಂದು ಪ್ರೊಜೆಕ್ಟರ್. ಮಕ್ಕಳು ಕೈಯಿಂದ ಮರಳು ಬಾಚಿ ಗುಡ್ಡ ಮಾಡಿದರೆ ಕಿನೆಕ್ಟ್ ಆ ಏರಿಳಿತವನ್ನು ಅಳೆಯುತ್ತದೆ. ಪ್ರೊಜೆಕ್ಟರ್ ಆ ಮರಳಿನ ಮೇಲೆಯೇ ಎತ್ತರಕ್ಕೆ ತಕ್ಕ ಬಣ್ಣವನ್ನೂ ಸಮೋನ್ನತಿ ರೇಖೆಗಳನ್ನೂ ಮೂಡಿಸುತ್ತದೆ. ಪೆಟ್ಟಿಗೆಯ ಮೇಲೆ ಅಂಗೈ ಹರಡಿ ಹಿಡಿದರೆ ಅದನ್ನು ಮೋಡವೆಂದು ತಿಳಿದು ಬೆಳಕಿನ ಮಳೆ ಸುರಿಸುತ್ತದೆ. ಆ ನೀರು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮರಳಿನಲ್ಲಿ ಒಂದು ಏರಿ ಕಟ್ಟಿದರೆ ಕೆರೆ. ಏರಿ ಒಡೆದರೆ ಕೆಳಗಿನದೆಲ್ಲ ಮುಳುಗುತ್ತದೆ.

ಸಮೋನ್ನತಿ ರೇಖೆಯನ್ನು ನಾವು ಶಾಲೆಯ ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡಿದೆವು. ಒಂದೂ ಅರ್ಥವಾಗಿರಲಿಲ್ಲ. ಇದಿ ಊರಿನ ಕೆರೆ ಯಾಕೆ ಅಲ್ಲೇ ಇದೆ, ರಾಜಕಾಲುವೆ ಮುಚ್ಚಿದರೆ ನೀರು ಯಾರ ಮನೆಗೆ ನುಗ್ಗುತ್ತದೆ ಎನ್ನುವುದನ್ನು ಹತ್ತು ನಿಮಿಷದಲ್ಲಿ ಮನವರಿಕೆ ಮಾಡಿಸುವ ಪೆಟ್ಟಿಗೆ ಇದು. ಕ್ರೈಲೋಸ್ ಅದರ ಸಾಫ್ಟ್‌ವೇರನ್ನು ಉಚಿತವಾಗಿ, ಮುಕ್ತವಾಗಿ ಕೊಟ್ಟರು. ಹಲವು ದೇಶಗಳ ಶಾಲೆಗಳಲ್ಲಿ, ವಿಜ್ಞಾನ ಕೇಂದ್ರಗಳಲ್ಲಿ ಅಂಥ ಪೆಟ್ಟಿಗೆಗಳು ಎದ್ದವು.

ಈ ಕಣ್ಣಿಗೆ ದೋಷಗಳೂ ಇದ್ದವು, ಹೇಳದಿದ್ದರೆ ತಪ್ಪಾಗುತ್ತದೆ. ಬಿಸಿಲಿನಲ್ಲಿ ಅದು ಹೆಚ್ಚುಕಡಿಮೆ ಕುರುಡು. ಸೂರ್ಯನ ಬೆಳಕಿನಲ್ಲೂ ಅವಕೆಂಪು ಇರುವುದರಿಂದ ಚುಕ್ಕೆಗಳು ಅದರಲ್ಲಿ ಕರಗಿಹೋಗುತ್ತವೆ. ಗಾಜು, ನೀರು, ಹೊಳೆಯುವ ಲೋಹದ ಮೇಲೆ ಲೆಕ್ಕ ತಪ್ಪುತ್ತದೆ. ನಾಲ್ಕೈದು ಮೀಟರ್ ದೂರಕ್ಕೆ ಹೋದರೆ ಸೆಂಟಿಮೀಟರ್‌ಗಟ್ಟಲೆ ವ್ಯತ್ಯಾಸ ಬರುತ್ತದೆ. ಹೊಲದಲ್ಲಿ ನಿಲ್ಲಿಸಿ ಕೆಲಸ ತೆಗೆಯುವ ಕಣ್ಣು ಅದಾಗಿರಲಿಲ್ಲ. ಮನೆ, ಕೊಟ್ಟಿಗೆ, ಪ್ರಯೋಗಾಲಯದ ನೆರಳಿನ ಕಣ್ಣು.

ಮಾರಾಟ, ಮತ್ತು ಮುಚ್ಚಿದ ತಾಣ

ಮೈಕ್ರೋಸಾಫ್ಟ್ ಒಂದೇ ಕುದುರೆಯ ಮೇಲೆ ಹಣ ಕಟ್ಟಿರಲಿಲ್ಲ. 2009ರಲ್ಲಿ ಇಸ್ರೇಲಿನ 3ಡಿವಿ ಎಂಬ ಕಂಪನಿಯ ಆಸ್ತಿಯನ್ನು, 2010ರಲ್ಲಿ ಅಮೆರಿಕದ ಕನೆಸ್ಟಾ ಕಂಪನಿಯನ್ನು ಕೊಂಡುಕೊಂಡಿತ್ತು. ಇವೆರಡರ ವಿಧಾನ ಬೇರೆ. ಬೆಳಕು ಹೋಗಿ ಬಡಿದು ಹಿಂತಿರುಗಲು ಹಿಡಿಯುವ ಸಮಯದಿಂದ ದೂರ ಅಳೆಯುವುದು. 2013ರ ನವೆಂಬರ್ 22ರಂದು ಹೊಸ ಎಕ್ಸ್‌ಬಾಕ್ಸ್ ಬಂದಾಗ ಅದರ ಜೊತೆಗಿದ್ದ ಹೊಸ ಕಿನೆಕ್ಟ್ ಈ ವಿಧಾನದ್ದು. ಪ್ರೈಮ್‌ಸೆನ್ಸ್‌ನ ಚುಕ್ಕೆಗಳು ಅದರಲ್ಲಿರಲಿಲ್ಲ. ಅತಿ ದೊಡ್ಡ ಗಿರಾಕಿ ಕೈಬಿಟ್ಟಂತಾಯಿತು.

ಪ್ರೈಮ್‌ಸೆನ್ಸ್ ಅಷ್ಟರಲ್ಲಿ ಇನ್ನೊಂದು ದಿಕ್ಕಿಗೆ ಹೊರಟಿತ್ತು. 2013ರ ಆರಂಭದಲ್ಲೇ ಅದು 'ಕಾಪ್ರಿ' ಎಂಬ ಅತಿ ಪುಟ್ಟ ಸಂವೇದಕವನ್ನು ತೋರಿಸಿತ್ತು. ಟ್ಯಾಬ್ಲೆಟ್, ಮೊಬೈಲ್ ಒಳಗೆ ಕೂರಿಸಬಹುದಾದದ್ದು. ಹೊಸ ಎಕ್ಸ್‌ಬಾಕ್ಸ್ ಬಂದ ಎರಡು ಮೂರು ದಿನಗಳಲ್ಲೇ, ಪ್ರೈಮ್‌ಸೆನ್ಸನ್ನು ಕೊಂಡಿರುವುದಾಗಿ ಆಪಲ್ ಖಚಿತಪಡಿಸಿತು. ಮೊತ್ತವನ್ನು ಹೇಳಲಿಲ್ಲ, ಸುಮಾರು 35 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಯಾಕೆ ಕೊಂಡಿರಿ ಎಂದು ಕೇಳಿದ್ದಕ್ಕೆ, ಇಂಥ ಖರೀದಿಗಳ ಉದ್ದೇಶವನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ ಎಂಬ ಎಂದಿನ ಉತ್ತರ.

ಇದರಲ್ಲಿ ಮೋಸವೇನೂ ಇಲ್ಲ. ಎಂಟು ವರ್ಷ ದುಡಿದು ಕಟ್ಟಿದ ಕಂಪನಿಯನ್ನು ಮಾರುವ ಹಕ್ಕು ಕಟ್ಟಿದವರಿಗೆ ಇದೆ. ಕೊಂಡವರಿಗೆ ಅದನ್ನು ತಮ್ಮ ಕೆಲಸಕ್ಕೆ ಬಳಸುವ ಹಕ್ಕೂ ಇದೆ. ಆದರೆ ಈ ಕಂಪನಿಯ ಅಂಗಳದಲ್ಲಿ ಬೇರೆಯವರೂ ಗುಡಿಸಲು ಹಾಕಿಕೊಂಡಿದ್ದರು. 2014ರ ಏಪ್ರಿಲ್ 23ರಂದು ಓಪನ್‌ಎನ್‌ಐ ತಾಣ ಮುಚ್ಚಿದಾಗ ಪ್ರೋಗ್ರಾಂಗಳು, ಕೈಪಿಡಿಗಳು, ಮೂರು ವರ್ಷದ ಪ್ರಶ್ನೋತ್ತರಗಳು ಎಲ್ಲ ಆ ವಿಳಾಸದಿಂದ ಹೋದವು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪ್ರೈಮ್‌ಸೆನ್ಸ್ ಕೊಟ್ಟಿದ್ದರಲ್ಲಿ ಎರಡು ಬಗೆ ಇತ್ತು. ಒಂದು, ಓಪನ್‌ಎನ್‌ಐ ಸಾಫ್ಟ್‌ವೇರ್. ಅದರ ಮೂಲ ಸಂಕೇತ ಮುಕ್ತ ಪರವಾನಗಿಯಲ್ಲಿತ್ತು. ಯಾರು ಬೇಕಾದರೂ ನಕಲು ಇಟ್ಟುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಇನ್ನೊಂದು, 'ನೈಟ್' ಎಂಬ ಸಾಫ್ಟ್‌ವೇರ್. ಮನುಷ್ಯನ ಕೈಕಾಲುಗಳನ್ನು ಗುರುತಿಸುವುದು ಇದರ ಕೆಲಸ. ಇದನ್ನು ಪುಕ್ಕಟೆ ಕೊಡುತ್ತಿದ್ದರು, ಆದರೆ ಒಳಗಿನದನ್ನು ತೋರಿಸುತ್ತಿರಲಿಲ್ಲ. ತಾಣ ಮುಚ್ಚಿದ ಮೇಲೆ ಮೊದಲನೆಯದು ಉಳಿಯಿತು. ಆಕ್ಸಿಪಿಟಲ್ ಎಂಬ ಅಮೆರಿಕದ ಕಂಪನಿ ಅದರ ನಕಲನ್ನು ತನ್ನ ಜಗುಲಿಗೆ ತಂದು ಮುಂದುವರಿಸಿತು. ಎರಡನೆಯದನ್ನು ಹಾಗೆ ಮುಂದುವರಿಸಲು ಯಾರಿಗೂ ದಾರಿ ಇರಲಿಲ್ಲ. ಎರಡೂ ಬಳಕೆದಾರನಿಗೆ ಒಂದೇ ಥರ ಕಂಡಿದ್ದವು, ಎರಡಕ್ಕೂ ದುಡ್ಡು ಕೊಡಬೇಕಿರಲಿಲ್ಲ. ಪುಕ್ಕಟೆ ಸಿಗುವುದು ಬೇರೆ, ನಮ್ಮದಾಗುವುದು ಬೇರೆ ಎಂದು ಗೊತ್ತಾಗಿದ್ದು ಅಂಗಡಿ ಮುಚ್ಚಿದ ದಿನ.

ವಿಲೋ ಗರಾಜ್ ಕೂಡ ಅದೇ ಸುಮಾರಿಗೆ ಬಾಗಿಲು ಹಾಕಿತು. ಆದರೆ ಅಲ್ಲಿ ಬೆಳೆದಿದ್ದ 'ರಾಸ್' ಎಂಬ ರೋಬೋಟ್ ಸಾಫ್ಟ್‌ವೇರ್ ಸಾಯಲಿಲ್ಲ. ಮುಕ್ತ ಪರವಾನಗಿ ಇತ್ತು, ಅದನ್ನು ನೋಡಿಕೊಳ್ಳಲು 2012ರಲ್ಲೇ ಒಂದು ಪ್ರತ್ಯೇಕ ಪ್ರತಿಷ್ಠಾನ ಕಟ್ಟಿದ್ದರು. ಇವತ್ತಿಗೂ ಜಗತ್ತಿನಾದ್ಯಂತ ರೋಬೋಟ್ ಕಲಿಯುವ ವಿದ್ಯಾರ್ಥಿಗಳು ಬಳಸುವುದು ಅದನ್ನೇ.

ಒಂಬತ್ತು ದಿನಗಳ ಅಂತರ

ಆಪಲ್ ಯಾಕೆ ಕೊಂಡಿತು ಎನ್ನುವುದು ತಿಳಿಯಲು ನಾಲ್ಕು ವರ್ಷ ಬೇಕಾಯಿತು. 2017ರ ಸೆಪ್ಟೆಂಬರ್ 12ರಂದು ಅದು ಐಫೋನ್ ಟೆನ್ ಪ್ರದರ್ಶಿಸಿತು. ಪರದೆಯ ಮೇಲ್ತುದಿಯ ಸಣ್ಣ ಕಪ್ಪು ಪಟ್ಟಿಯಲ್ಲಿ ಒಂದು ಅವಕೆಂಪು ಲೇಸರ್, ಒಂದು ಅವಕೆಂಪು ಕ್ಯಾಮೆರಾ. ಫೋನ್ ಎತ್ತಿದರೆ ಮುಖದ ಮೇಲೆ ಮೂವತ್ತು ಸಾವಿರಕ್ಕೂ ಹೆಚ್ಚು ಕಾಣದ ಚುಕ್ಕೆಗಳು ಬೀಳುತ್ತವೆ. ಮೂಗಿನ ಉಬ್ಬು, ಕೆನ್ನೆಯ ತಗ್ಗು ಅಳೆದು ಇದು ಯಜಮಾನನೇ ಹೌದೋ ಅಲ್ಲವೋ ನೋಡಿ ಬೀಗ ತೆಗೆಯುತ್ತದೆ. ಕಿನೆಕ್ಟ್‌ನ ಟಾರ್ಚು ಮತ್ತು ಜರಡಿ ಈಗ ಬೆರಳ ತುದಿಯಷ್ಟಾಗಿತ್ತು.

ಅಕ್ಟೋಬರ್ 25ರಂದು ಮೈಕ್ರೋಸಾಫ್ಟ್ ಕಿನೆಕ್ಟ್ ತಯಾರಿಕೆ ನಿಲ್ಲಿಸಿರುವುದನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಎರಡೂ ಬಗೆಯವು ಸೇರಿ ಸುಮಾರು ಮೂರೂವರೆ ಕೋಟಿ ಮಾರಾಟವಾಗಿದ್ದವು. ಐಫೋನ್ ಟೆನ್ ಅಂಗಡಿಗೆ ಬಂದದ್ದು ನವೆಂಬರ್ 3ರಂದು. ನಡುವೆ ಒಂಬತ್ತು ದಿನ.

ಕೋಣೆಯನ್ನು ನೋಡುತ್ತಿದ್ದ ಕಣ್ಣು ಮುಖವನ್ನು ನೋಡುವ ಕಣ್ಣಾಯಿತು. ಯಂತ್ರಕ್ಕೆ ಲೋಕವನ್ನು ತೋರಿಸಲು ಹೊರಟದ್ದು ನಮ್ಮನ್ನು ಗುರುತಿಸುವ ಬೀಗವಾಯಿತು. ಬೆಲೆಯೂ ತಿರುಗಿತು. 150 ಡಾಲರಿನ ಆಟಿಕೆಯಲ್ಲಿದ್ದದ್ದು 999 ಡಾಲರಿನ ಫೋನಿನೊಳಗೆ ಸೇರಿತು. ಕಾಲೇಜು ಹುಡುಗರು ಬಿಚ್ಚಿ ನೋಡಿ ಗಾಡಿಯ ಮೇಲೆ ಕೂರಿಸುತ್ತಿದ್ದದ್ದನ್ನು ಈಗ ಯಾರೂ ಬಿಚ್ಚುವಂತಿಲ್ಲ.

ಆದರೂ ಕಥೆ ಅಲ್ಲಿಗೆ ನಿಂತಿಲ್ಲ. ಕಿನೆಕ್ಟ್ ಎಬ್ಬಿಸಿದ ಹಸಿವು ಹಾಗೇ ಇತ್ತು. ಇಂಟೆಲ್ 'ರಿಯಲ್‌ಸೆನ್ಸ್' ಎಂಬ ಆಳದ ಕ್ಯಾಮೆರಾಗಳನ್ನು ತಂದಿತು. ಚೀನಾದ ಶೆಂಜೆನ್‌ನಲ್ಲಿ 2013ರಲ್ಲಿ ಹುಟ್ಟಿದ ಆರ್ಬೆಕ್ ಕಂಪನಿ ಅದೇ ದಾರಿಯಲ್ಲಿ ಬೆಳೆಯಿತು. ಮೈಕ್ರೋಸಾಫ್ಟ್ 2019ರಲ್ಲಿ 'ಅಜೂರ್ ಕಿನೆಕ್ಟ್' ಎಂದು ಇನ್ನೊಮ್ಮೆ ತಂದು, 2023ರಲ್ಲಿ ಅದನ್ನೂ ನಿಲ್ಲಿಸಿತು. ಸ್ವೀಡನ್ ಮೂಲದ ಡೆಲಾವಲ್ ಕಂಪನಿ ಹಾಲು ಕರೆಯುವ ಕೊಟ್ಟಿಗೆಗಳಿಗೆ 3ಡಿ ಕ್ಯಾಮೆರಾ ಮಾಡಿದೆ. ಹಸು ಕೆಳಗೆ ಹಾದುಹೋದರೆ ಬೆನ್ನು, ಸೊಂಟದ ಆಕಾರ ನೋಡಿ ಮೈಯಲ್ಲಿ ಎಷ್ಟು ಕೊಬ್ಬಿದೆ, ಸೊರಗುತ್ತಿದೆಯೇ ಎಂದು ಹೇಳುತ್ತದೆ. ನಮ್ಮ ಊರಿನ ಹಿರಿಯರು ಪಕ್ಕೆ ತಡವಿ ಹೇಳುತ್ತಿದ್ದುದನ್ನು ಅದು ಲೆಕ್ಕ ಹಾಕಿ ಹೇಳುತ್ತದೆ.

ಇಂಥ ಸಾಧನಗಳು ಮುಂದೊಂದು ದಿನ ನಮ್ಮ ಹಾಲಿನ ಡೇರಿಗೆ, ಅಡಿಕೆ ಸುಲಿಯುವ ಶೆಡ್ಡಿಗೆ, ದ್ರಾಕ್ಷಿ ತೋಟಕ್ಕೆ ಬಂದಾಗ ಸುದ್ದಿ ಬರೆಯುವವರು ನಾವೇ ಆಗಿರುತ್ತೇವೆ. ಬೆಲೆ ಎಷ್ಟು, ಸಬ್ಸಿಡಿ ಇದೆಯೇ, ಉದ್ಘಾಟನೆಗೆ ಯಾರು ಬಂದಿದ್ದರು ಎನ್ನುವುದನ್ನೆಲ್ಲ ಬರೆಯುತ್ತೇವೆ. ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಕಂಪನಿ ನಾಳೆ ಮಾರಾಟವಾದರೆ ಈ ಯಂತ್ರ ನಡೆಯುತ್ತದೆಯೇ? ಅದರೊಳಗಿನ ಸಾಫ್ಟ್‌ವೇರ್ ಯಾರ ಕೈಯಲ್ಲಿದೆ?

ಕ್ರೈಲೋಸ್‌ರ ಮರಳಿನ ಪೆಟ್ಟಿಗೆ ಮುಂದುವರಿದದ್ದು ಹೇಗೆ ಎಂದು ನೋಡಿದರೆ ಉತ್ತರದ ಒಂದು ಅಂಶ ಸಿಗುತ್ತದೆ. ಅವರು ಮೈಕ್ರೋಸಾಫ್ಟ್‌ನ ಅಥವಾ ಪ್ರೈಮ್‌ಸೆನ್ಸ್‌ನ ಸಾಫ್ಟ್‌ವೇರನ್ನು ನೆಚ್ಚಿಕೊಂಡಿರಲಿಲ್ಲ. ಹೆಕ್ಟರ್ ಮಾರ್ಟಿನ್ ಬಿಡಿಸಿಟ್ಟ ಒಗಟನ್ನು ಆಧಾರವಾಗಿಟ್ಟುಕೊಂಡು ತಮ್ಮದೇ ಬರೆದುಕೊಂಡಿದ್ದರು. ಹಾಗಾಗಿ ಒಂದು ಕಂಪನಿ ಮಾರಾಟವಾದರೂ, ಇನ್ನೊಂದು ತಯಾರಿಕೆ ನಿಲ್ಲಿಸಿದರೂ ಪೆಟ್ಟಿಗೆಯಲ್ಲಿ ಮಳೆ ನಿಲ್ಲಲಿಲ್ಲ. ಬೇಕಾಗಿದ್ದು ಒಂದು ಹಳೆಯ ಕಿನೆಕ್ಟ್ ಮಾತ್ರ. ಆಟ ಬೇಸರವಾಗಿ ಯಾರೋ ಅಟ್ಟಕ್ಕೆ ಎಸೆದದ್ದು, ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವಂಥದ್ದು. ಅದನ್ನು ತಂದು ಕಂಬಕ್ಕೆ ತೂಗುಹಾಕಿ, ಕೆಳಗೆ ಮರಳು ಸುರಿದರೆ, ಮಕ್ಕಳು ಇವತ್ತಿಗೂ ಅಂಗೈ ಚಾಚಿ ಮಳೆ ಸುರಿಸಬಹುದು.